ದೀಪ ಹಿಡಿದ ಹಾಡಿಗೆ ಮಕ್ಕಳ ವಿಡಿಯೊ: ಎಣಿಕೆಯಿಂದ ಎಡಿಟಿಂಗ್‌ವರೆಗೆ

ಮೊದಲ ಎರಡು ದಿನ ನಾನು ಯಾರ ಕೈಗೂ ಕ್ಯಾಮೆರಾ ಕೊಡುವುದಿಲ್ಲ. ಮನೆಯಲ್ಲಿ ಹಟ ಹಿಡಿದು ತಂದ ಫೋನುಗಳೆಲ್ಲ ಮೇಷ್ಟ್ರ ಮೇಜಿನ ಡ್ರಾಯರ್ ಸೇರುತ್ತವೆ. "ವಿಡಿಯೊ ಕಲಿಸ್ತೀನಿ ಅಂತ ಬಂದು ನೋಟ್‌ಬುಕ್ ತೆಗೀರಿ ಅಂತೀರಲ್ಲ ಅಣ್ಣ" ಅಂತ ಪ್ರತಿ ವರ್ಷ ಒಬ್ಬನಾದರೂ ಗೊಣಗುತ್ತಾನೆ. ಗೊಣಗಲಿ. ಹಾಡು ಬಾಯಿಪಾಠ ಆಗುವ ಮೊದಲೇ ಕ್ಯಾಮೆರಾ ಎತ್ತಿದವರು ಎಡಿಟಿಂಗಿಗೆ ಕೂತಾಗ ಪಡುವ ಪಾಡು ನನಗೆ ಗೊತ್ತು. ಒಂದು ಕಾಲದಲ್ಲಿ ನಾನೇ ಪಟ್ಟಿದ್ದೇನೆ.

ನಾನು ಸಾಗರದ ಕಡೆಯ ಮದುವೆ ವಿಡಿಯೊದವನು. ಮಿನಿ ಡಿವಿ ಕ್ಯಾಸೆಟ್ ಕಾಲದಿಂದ ಇದೇ ಕಸುಬು. ಒಂದು ಕ್ಯಾಸೆಟ್ಟಿಗೆ ಒಂದೇ ಗಂಟೆ. ಧಾರೆಯ ಹೊತ್ತಿಗೆ ಸರಿಯಾಗಿ ಕ್ಯಾಸೆಟ್ ಮುಗಿದುಬಿಟ್ಟರೆ ಎಂಬ ಹೆದರಿಕೆಯೇ ನನಗೆ ಪ್ಲಾನಿಂಗ್ ಕಲಿಸಿದ ಗುರು. ಧನುರ್ಮಾಸದಲ್ಲಿ ಮದುವೆ ಇರುವುದಿಲ್ಲವಲ್ಲ, ಆ ದಿನಗಳಲ್ಲಿ ಊರಿನ ಹೈಸ್ಕೂಲಿಗೆ ಹೋಗಿ ಒಂಬತ್ತನೇ ತರಗತಿಯವರ ಜೊತೆ ಒಂದು ಹಾಡಿಗೆ ವಿಡಿಯೊ ಮಾಡುತ್ತೇನೆ. ಹತ್ತು ದಿನ, ಹನ್ನೆರಡು ಮಕ್ಕಳು, ಮೂರು ಫೋನು, ನನ್ನದೊಂದು ಕ್ಯಾಮೆರಾ, ಶಾಲೆಯ ಒಂದು ಹಳೇ ಲ್ಯಾಪ್‌ಟಾಪ್. ಹೋದ ಸಲ ಮಾಡಿದ್ದನ್ನೇ ಇಟ್ಟುಕೊಂಡು ಬರೆಯುತ್ತೇನೆ. ನಿಮ್ಮ ಶಾಲೆಯಲ್ಲಿ, ಕಾಲೇಜಿನಲ್ಲಿ ಮಾಡುವಾಗ ಹಾಡು ಬದಲಾಗಬಹುದು, ಲೆಕ್ಕ ಬದಲಾಗುವುದಿಲ್ಲ.

ಯಾವ ಹಾಡು

ಮೊದಲ ವರ್ಷ ಮಕ್ಕಳು ಒಂದು ಸಿನಿಮಾ ಹಾಡು ಆರಿಸಿದರು. ನಾನೂ ಹ್ಞೂಂ ಅಂದೆ. ಕಷ್ಟಪಟ್ಟು ಮಾಡಿ ಯೂಟ್ಯೂಬಿಗೆ ಹಾಕಿದ ಅರ್ಧ ಗಂಟೆಯೊಳಗೆ ಹಕ್ಕುಸ್ವಾಮ್ಯದ ನೋಟೀಸು, ಧ್ವನಿ ಬಂದ್. ಬಾಯಿ ಆಡಿಸುವ ಮೂಕ ಮಕ್ಕಳ ವಿಡಿಯೊ ಆಯಿತು ಅದು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ಸಾಹಿತ್ಯಕ್ಕೂ ಸಂಗೀತಕ್ಕೂ ಬರೆದವರು, ರಾಗ ಕಟ್ಟಿದವರು ತೀರಿಕೊಂಡ ಮೇಲೆ 60 ವರ್ಷ ರಕ್ಷಣೆ ಇದೆ. ಧ್ವನಿಮುದ್ರಣಕ್ಕೆ ಅದು ಪ್ರಕಟವಾದಲ್ಲಿಂದ 60 ವರ್ಷ. ಇವೆರಡನ್ನು ಬೇರೆ ಬೇರೆಯಾಗಿ ನೋಡಬೇಕು. ವಚನ ಯಾರ ಆಸ್ತಿಯೂ ಅಲ್ಲ, ಆದರೆ ಹೆಸರಾಂತ ಗಾಯಕರು ಹಾಡಿದ ಅದರ ರೆಕಾರ್ಡಿಂಗ್ ಕಂಪನಿಯ ಆಸ್ತಿ. ಹಾಗಾಗಿ ಹಳೆಯ ಪದ ತಗೊಳ್ಳಿ, ನೀವೇ ಹಾಡಿ, ನೀವೇ ರೆಕಾರ್ಡ್ ಮಾಡಿ.

ಹೋದ ಸಲ ಅಂಟಿಗೆ-ಪಂಟಿಗೆ ಪದ ತಗೊಂಡೆವು. ಮಲೆನಾಡಿನ ಹೊರಗಿನವರಿಗೆ ಹೇಳುವುದಾದರೆ, ದೀಪಾವಳಿಯ ರಾತ್ರಿಗಳಲ್ಲಿ ದೀಪ ಹಿಡಿದುಕೊಂಡು ಮನೆಯಿಂದ ಮನೆಗೆ ಹಾಡುತ್ತ ಹೋಗುವ ಪದ್ಧತಿ ಇದು. ಮುಂದಿನವರು ಸಾಲು ಎತ್ತುತ್ತಾರೆ, ಹಿಂದಿನವರು ಅದನ್ನೇ ಹೇಳುತ್ತಾರೆ. ದೀಪ ಆರಬಾರದು. ಒಬ್ಬ ಹುಡುಗನ ಅಜ್ಜ ಚಿಕ್ಕಂದಿನಿಂದ ಹಾಡಿದವರು. ಅವರು ಸಾಲು ಎತ್ತುವುದು, ಮಕ್ಕಳು ಹಿಂದೆ ಹೇಳುವುದು ಅಂತಾಯಿತು.

ಪದ ಉದ್ದ ಇರುತ್ತದೆ. ಪೂರ್ತಿ ಹಾಡಿಸಬೇಡಿ. ಮಕ್ಕಳ ಮೊದಲ ವಿಡಿಯೊ ಮೂರು ನಿಮಿಷ ಮೀರಿದರೆ ಶೂಟಿಂಗೂ ಮುಗಿಯುವುದಿಲ್ಲ, ನೋಡುವವರ ತಾಳ್ಮೆಯೂ ಉಳಿಯುವುದಿಲ್ಲ. ನಾವು ಆರು ಸಾಲು ಉಳಿಸಿಕೊಂಡೆವು. ಯಾವುದು ಬಿಡಬಹುದು ಅಂತ ಅಜ್ಜನನ್ನೇ ಕೇಳಿದೆವು. ಬಿಡುವ ಸಾಲನ್ನು ಹಾಡಿನವರು ಹೇಳಬೇಕು, ವಿಡಿಯೊದವರಲ್ಲ.

ಭತ್ತದ ಚೀಲಗಳ ನಡುವೆ

ರೆಕಾರ್ಡಿಂಗಿಗೆ ಸ್ಟುಡಿಯೊ ಹುಡುಕಿಕೊಂಡು ಶಿವಮೊಗ್ಗಕ್ಕೆ ಹೋಗಬೇಕಾಗಿಲ್ಲ. ತರಗತಿ ಕೋಣೆ ಮಾತ್ರ ಬೇಡ. ಖಾಲಿ ಗೋಡೆ, ಸಿಮೆಂಟು ನೆಲ, ಬಾವಿಯೊಳಗೆ ಹಾಡಿದ ಹಾಗೆ ಕೇಳಿಸುತ್ತದೆ. ಅಜ್ಜನ ಮನೆಯಲ್ಲಿ ಭತ್ತದ ಚೀಲ ಒಟ್ಟಿದ ಕೋಣೆ ಇತ್ತು. ಮೂರು ಕಡೆ ಎದೆಯೆತ್ತರಕ್ಕೆ ಚೀಲ, ನಾಲ್ಕನೇ ಕಡೆ ಬಾಗಿಲಿಗೆ ಎರಡು ಕಂಬಳಿ ಇಳಿಬಿಟ್ಟೆವು. ಚಪ್ಪಾಳೆ ತಟ್ಟಿದರೆ ಟಪ್ ಅಂತ ಅಲ್ಲೇ ಸಾಯಬೇಕು, ಬಾಲ ಬರಬಾರದು. ಅಲ್ಲಿ ಹಾಗೇ ಆಯಿತು. ಪಕ್ಕದ ಮನೆಯಲ್ಲಿ ಅಡಿಕೆ ಸುಲಿಯುವ ಮೆಷಿನ್ ಓಡುತ್ತಿತ್ತು. ಒಬ್ಬನನ್ನು ಕಳಿಸಿ, ಅವರು ಊಟಕ್ಕೆ ಏಳುವ ಹೊತ್ತು ಕೇಳಿಕೊಂಡು ಬಂದು, ಆ ಮುಕ್ಕಾಲು ಗಂಟೆಯಲ್ಲಿ ಮುಗಿಸಿದೆವು.

ಇನ್ನು ಲಯ. ಸಾಮಾನ್ಯವಾಗಿ ಹಾಡುವವರ ಕಿವಿಗೆ ಇಯರ್‌ಫೋನಿನಲ್ಲಿ ಮೆಟ್ರೊನೋಮ್ ಟಕ್ ಟಕ್ ಕೊಡುತ್ತಾರೆ. ಅಜ್ಜ ಒಂದೇ ಸಲ ಹಾಕಿಕೊಂಡು ತೆಗೆದಿಟ್ಟರು. "ಇದು ನನ್ನ ದಾರಿ ತಪ್ಪಿಸ್ತದೆ ಮಾರಾಯ. ನಾ ಹಾಡ್ತೆ, ನಿನ್ನ ಟಕ್ ಟಕ್ ನನ್ನ ಹಿಂದೆ ಬರ್ಲಿ."

ಅವರು ಹೇಳಿದ್ದು ಸರಿ. ಇದು ನಡೆಯುತ್ತ ಹಾಡುವ ಪದ, ಕೂತು ಹಾಡುವುದಲ್ಲ. ಆದ್ದರಿಂದ ನಿಂತಲ್ಲೇ ಹೆಜ್ಜೆ ಹಾಕುತ್ತ ಹಾಡಿ ಎಂದೆವು. ಹುಡುಗಿಯೊಬ್ಬಳು ಗಡಿಯಾರ ಹಿಡಿದು ಒಂದು ನಿಮಿಷಕ್ಕೆ ಎಷ್ಟು ಹೆಜ್ಜೆ ಅಂತ ಎಣಿಸಿದಳು. ಮೂರು ಸಲ ಎಣಿಸಿದರೂ 90ರ ಆಚೀಚೆ. ಮೆಟ್ರೊನೋಮ್ 90ಕ್ಕೆ ಇಟ್ಟು ಅದನ್ನು ಅದೇ ಹುಡುಗಿಯ ಕಿವಿಗೆ ಹಾಕಿದೆವು. ಅವಳು ಅಜ್ಜನ ಎದುರು ನಿಂತು ಕೈಯಲ್ಲಿ ತಾಳ ತೋರಿಸುವುದು, ಅಜ್ಜ ಅವಳ ಕೈ ನೋಡಿಕೊಂಡು ಹೆಜ್ಜೆ ಹಾಕುವುದು. ನಾಲ್ಕನೇ ಟೇಕಿಗೆ ಹಾಡು ಸಿಕ್ಕಿತು. ಫೋನಿನ ರೆಕಾರ್ಡರೇ ಸಾಕು: ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಇಡಿ, ಉಸಿರು ನೇರ ಮೈಕಿಗೆ ಬಡಿಯದ ಹಾಗೆ. ಆಡಾಸಿಟಿ ಎಂಬ ಧ್ವನಿ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಹಿಂದುಮುಂದು ಕತ್ತರಿಸಿ, ಮಕ್ಕಳ ದನಿ ಸೇರಿಸಿ, 48 ಕಿಲೊಹರ್ಟ್ಜ್ ವೇವ್ ಫೈಲ್ ಮಾಡಿಟ್ಟೆವು.

ಈ ಫೈಲಿಗೆ "ಹಾಡು ಅಂತಿಮ" ಅಂತ ಹೆಸರಿಟ್ಟ ಮೇಲೆ ಅದರ ಉದ್ದ ಕೂದಲೆಳೆಯಷ್ಟೂ ಬದಲಾಗಬಾರದು. ಹಿಂದೊಮ್ಮೆ ಶೂಟಿಂಗ್ ಮುಗಿದ ಮೇಲೆ "ಸ್ವಲ್ಪ ನಿಧಾನ ಅನಿಸ್ತದೆ" ಅಂತ ಒಬ್ಬ ಹಾಡಿನ ವೇಗವನ್ನು ನೂರಕ್ಕೆ ಮೂರರಷ್ಟು ಏರಿಸಿಬಿಟ್ಟ. ಮೊದಲ ಸಾಲಿಗೆ ತುಟಿ ಕೂಡುತ್ತಿತ್ತು, ಕೊನೆಯ ಸಾಲಿಗೆ ಬರುವಾಗ ಹಾಡು ಐದು ಸೆಕೆಂಡು ಮುಂದೆ ಹೋಗಿ ಕೂತಿತ್ತು.

ಮೂವತ್ತು ಗೆರೆಯ ಪುಟ

ನಮ್ಮ ಹಾಡು 2 ನಿಮಿಷ 40 ಸೆಕೆಂಡ್, ಅಂದರೆ 160 ಸೆಕೆಂಡ್. ನಿಮಿಷಕ್ಕೆ 90 ಪೆಟ್ಟು, ಒಟ್ಟು 240 ಪೆಟ್ಟು. ಎಂಟೆಂಟು ಪೆಟ್ಟಿನ ಆವರ್ತ ಮಾಡಿದರೆ ಸರಿಯಾಗಿ ಮೂವತ್ತು. ನೋಟ್‌ಬುಕ್ಕಿನ ಎರಡು ಪುಟ ಅಡ್ಡ ತೆರೆದು ಮೂವತ್ತು ಗೆರೆ ಎಳೆಸಿದೆ. ಒಂದೊಂದು ಗೆರೆ ಒಂದೊಂದು ಆವರ್ತ, ಐದು ಸೆಕೆಂಡಿಗಿಂತ ಚೂರು ಜಾಸ್ತಿ. ಮಕ್ಕಳಿಗೆ ಸೆಕೆಂಡಿನ ಭಾಷೆ ತಲೆಗೆ ಹತ್ತುವುದಿಲ್ಲ, ತಾಳದ ಭಾಷೆ ಹತ್ತುತ್ತದೆ. ಸಂಗೀತ ಪಾಠಕ್ಕೆ ಹೋಗುವ ಹುಡುಗಿಯೊಬ್ಬಳು ತಾನಾಗೇ ಆದಿತಾಳ ಹಾಕಿದಳು: ಒಂದು ಪೆಟ್ಟು, ಮೂರು ಬೆರಳು, ಆಮೇಲೆ ಪೆಟ್ಟು-ಹುಸಿ, ಪೆಟ್ಟು-ಹುಸಿ. ಉಳಿದವರು ಅವಳನ್ನು ನೋಡಿ ಕಲಿತರು. ಎರಡನೇ ದಿನ ಸಂಜೆಗೆ, ಹಾಡು ಎಲ್ಲಿ ನಿಲ್ಲಿಸಿದರೂ "ಹದಿನೇಳನೇ ಗೆರೆ ಅಣ್ಣ, ಐದನೇ ಪೆಟ್ಟು" ಅನ್ನುವಷ್ಟಾದರು. ಆಗ ಡ್ರಾಯರ್ ತೆಗೆದು ಫೋನ್ ಕೊಟ್ಟೆ.

ಪ್ರತಿ ಗೆರೆಯಲ್ಲಿ ಇಷ್ಟು ಬರೆಯಬೇಕು: ಹಾಡಿನ ಮಾತು, ಯಾರು ಕಾಣುತ್ತಾರೆ, ಎಲ್ಲಿ, ದೂರದ ಶಾಟೋ ಹತ್ತಿರದ್ದೋ, ತುಟಿ ಆಡಬೇಕೋ ಬೇಡವೋ. ಪಕ್ಕದಲ್ಲಿ ಬೆಂಕಿಕಡ್ಡಿ ಮನುಷ್ಯರ ಚಿತ್ರ. ಚಿತ್ರ ಚೆನ್ನಾಗಿರಬೇಕಾಗಿಲ್ಲ, ಆದರೆ ದೀಪ ಯಾವ ಕೈಯಲ್ಲಿದೆ ಅನ್ನುವುದು ಅದರಲ್ಲಿ ಕಾಣಬೇಕು.

ಕತೆ ಬೇಕೇ? ಬೇಕು, ಒಂದೇ ಉಸಿರಿಗೆ ಹೇಳಿ ಮುಗಿಸುವಷ್ಟು. ಮೊದಲು ಬಂದ ಕತೆಯಲ್ಲಿ ಕಳೆದುಹೋದ ತಮ್ಮ, ಅಪಘಾತ, ಆಸ್ಪತ್ರೆ, ಕೊನೆಗೆ ದೀಪ ನೋಡಿ ಕಣ್ಣು ಬಿಡುವುದು ಎಲ್ಲ ಇತ್ತು. ಧಾರಾವಾಹಿ ನೋಡಿದ ಮಕ್ಕಳ ಮೊದಲ ಕತೆ ಯಾವಾಗಲೂ ಆಸ್ಪತ್ರೆಗೆ ಹೋಗುತ್ತದೆ. ಬೈಯಬೇಡಿ. "ಆಸ್ಪತ್ರೆ ಶೂಟಿಂಗಿಗೆ ಯಾರು ಪರ್ಮಿಷನ್ ತರ್ತೀರಿ?" ಅಂತ ಕೇಳಿ, ಕತೆ ತಾನಾಗೇ ಊರಿಗೆ ವಾಪಸ್ ಬರುತ್ತದೆ. ಕೊನೆಗೆ ಉಳಿದದ್ದು ಇಷ್ಟು: ಗಂಡಸರೇ ಹಿಡಿಯುವ ದೀಪವನ್ನು ಹಿಂದೆ ಹಿಂದೆ ನಡೆದು ಬರುವ ಹುಡುಗಿ ನೋಡುತ್ತಾಳೆ, ಕೊನೆಯ ಮನೆಗೆ ಹೋಗುವಾಗ ಅಜ್ಜ ಅವಳ ಕೈಗೆ ಕೊಡುತ್ತಾನೆ. ಇದು ಹೇಳಿದವಳ ಮಾತಿಗೆ ಕೋಣೆ ಒಂದು ಗಳಿಗೆ ಸುಮ್ಮನಾಯಿತು. ನಾನು ಒಂದು ಮಾತೂ ಸೇರಿಸಲಿಲ್ಲ.

ಗೆರೆ ತುಂಬಿದ ಮೇಲೆ ಅದನ್ನು ಜಾಗದ ಲೆಕ್ಕದಲ್ಲಿ ಬೇರೆ ಪಟ್ಟಿ ಮಾಡಿ. ಹಾಡಿನ ಅನುಕ್ರಮದಲ್ಲಿ ಶೂಟ್ ಮಾಡಲು ಹೊರಟರೆ ತೋಟ, ಅಂಗಳ, ಮತ್ತೆ ತೋಟ ಅಂತ ಓಡಾಡುವುದರಲ್ಲೇ ಬೆಳಕು ಹೋಗುತ್ತದೆ. ನಮಗೆ ಮೂರು ಜಾಗ ಬಂತು: ಅಜ್ಜನ ಮನೆ ಅಂಗಳ, ಉಣುಗೋಲು (ಗಳು ಅಡ್ಡ ಹಾಕಿದ ಬೇಲಿಯ ಬಾಗಿಲು) ದಾಟಿ ಹೋಗುವ ತೋಟದ ದಾರಿ, ಗದ್ದೆ ಬದು. ಇದರ ಜೊತೆಗೇ ಮಕ್ಕಳ ಮನೆಯವರ ಒಪ್ಪಿಗೆ ಕಾಗದಕ್ಕೂ ಸಹಿ ಹಾಕಿಸಿ. ಆಮೇಲೆ ಅಂದರೆ ಆಗುವುದೇ ಇಲ್ಲ.

ಫೋನ್ ಹಿಡಿಯುವ ಮೊದಲು

ಸೆಟ್ಟಿಂಗ್ ಬಗ್ಗೆ ಉದ್ದ ಕೊರೆಯುವುದಿಲ್ಲ. ಮೂರೂ ಫೋನು 1080, ಸೆಕೆಂಡಿಗೆ 30 ಫ್ರೇಮ್, ಎಲ್ಲದರಲ್ಲೂ ಒಂದೇ. ಅಡ್ಡ ಹಿಡಿಯಿರಿ. ಲೆನ್ಸನ್ನು ಅಂಗಿಯ ಚುಂಗಿನಲ್ಲಿ ಒರೆಸಿ, ಮಕ್ಕಳ ಫೋನಿನ ಲೆನ್ಸಿನ ಮೇಲೆ ಅರ್ಧ ಊಟ ಇರುತ್ತದೆ. ಏರೋಪ್ಲೇನ್ ಮೋಡ್ ಹಾಕಿ. ಒಂದು ನಿಮಿಷಕ್ಕೆ ಸುಮಾರು 130 ಎಂಬಿ ಜಾಗ ಬೇಕು ಅಂತ ಲೆಕ್ಕ ಹಿಡಿದು ಮೊದಲೇ ಖಾಲಿ ಮಾಡಿಸಿ.

ಮನೆಯೊಳಗೆ ಟ್ಯೂಬ್‌ಲೈಟಿನಡಿ ತೆಗೆಯುವುದಾದರೆ ಒಂದು ಮಾತು. ನಮ್ಮ ಕರೆಂಟು 50 ಹರ್ಟ್ಜ್, ಹಳೆಯ ಟ್ಯೂಬು ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಕಣ್ಣಿಗೆ ಕಾಣುವುದಿಲ್ಲ, ವಿಡಿಯೊದಲ್ಲಿ ಪಟ್ಟಿ ಪಟ್ಟಿಯಾಗಿ ಓಡುತ್ತದೆ. ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಕಟ್ಟಿಹಾಕಿದರೆ ನಿಲ್ಲುತ್ತದೆ. ಫೋನಿನ ಪ್ರೊ ಮೋಡಿನಲ್ಲಿ ವಿಡಿಯೊಗೆ ಅದು ಸಿಗದಿದ್ದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಎಂಬ ಉಚಿತ ಆ್ಯಪ್ ಇದೆ, ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಓಡುತ್ತದೆ.

ಹಾಡು ಹಾಕಿಕೊಂಡು ಹಾಡಿಸುವುದು

ಸಿನಿಮಾದವರು ಸೆಟ್ಟಿನಲ್ಲಿ ಹಾಡು ಜೋರಾಗಿ ಹಾಕಿ ಕುಣಿಸುತ್ತಾರಲ್ಲ, ನಾವೂ ಹಾಗೇ. ಬ್ಲೂಟೂತ್ ಸ್ಪೀಕರ್ ಒಂದು ಸಾಕು. "ಹಾಡು ಅಂತಿಮ" ಫೈಲಿನ ಮುಂದೆ ನಾಲ್ಕು ಟಕ್ ಸೇರಿಸಿ ಶೂಟಿಂಗಿಗೆಂದೇ ಇನ್ನೊಂದು ಪ್ರತಿ ಮಾಡಿಕೊಳ್ಳಿ. ಟಕ್, ಟಕ್, ಟಕ್, ಟಕ್, ಬಾಯಿ ತೆರೆ. ಇದಿಲ್ಲದಿದ್ದರೆ ಮೊದಲ ಅಕ್ಷರ ಎಲ್ಲ ಟೇಕಿನಲ್ಲೂ ತಪ್ಪುತ್ತದೆ. ತೋಟದ ದಾರಿಯಲ್ಲಿ ನಡೆಯುತ್ತ ಹಾಡುವುದಿತ್ತಲ್ಲ, ಅಲ್ಲಿ ಸ್ಪೀಕರನ್ನು ಕೊನೆಯಲ್ಲಿ ನಡೆಯುವ ಹುಡುಗನ ಸ್ಕೂಲ್ ಬ್ಯಾಗಿಗೆ ಹಾಕಿದೆವು.

ಸುಮ್ಮನೆ ಬಾಯಿ ಆಡಿಸಲು ಬಿಡಬೇಡಿ. ಗಂಟಲು ಬಿಟ್ಟು ಹಾಡಿಸಿ. ಸುಳ್ಳು ಹಾಡಿಗೆ ಕತ್ತಿನ ನರ ಉಬ್ಬುವುದಿಲ್ಲ, ಹೊಟ್ಟೆ ಏಳುವುದಿಲ್ಲ, ಯಾಕೋ ಸರಿಯಿಲ್ಲ ಅಂತ ನೋಡುವವರಿಗೆ ತಕ್ಷಣ ತಿಳಿಯುತ್ತದೆ. ಇವರ ಅಪಸ್ವರ ಯಾರಿಗೂ ಕೇಳಿಸುವುದಿಲ್ಲ ಅಂತ ಧೈರ್ಯ ಹೇಳಿ. ಫೋನಿನಲ್ಲಿ ದಾಖಲಾಗುವ ಆ ಗಲಾಟೆ ಧ್ವನಿಯನ್ನು ಆಫ್ ಮಾಡಬೇಡಿ, ಎಡಿಟಿಂಗಿನಲ್ಲಿ ಹೊಂದಿಸುವುದಕ್ಕೆ ಅದೇ ಆಧಾರ.

ಒಂದೊಂದೇ ಸಾಲು ತುಂಡು ತುಂಡಾಗಿ ತೆಗೆಯುವ ಹುಚ್ಚು ಬೇಡ. ಅಂಗಳದಲ್ಲಿ ಪೂರ್ತಿ ಹಾಡನ್ನು ಮೂರು ಸಲ ಹಾಡಿಸಿದೆವು: ಒಮ್ಮೆ ಎಲ್ಲರೂ ಕಾಣುವಷ್ಟು ದೂರದಿಂದ, ಒಮ್ಮೆ ಸೊಂಟದ ಮೇಲೆ, ಒಮ್ಮೆ ಮುಖ ಮಾತ್ರ. ಇಷ್ಟಾದರೆ ಹಾಡು ಮೊದಲಿನಿಂದ ಕೊನೆವರೆಗೆ ನಿಮ್ಮ ಜೇಬಿನಲ್ಲಿದೆ ಅಂತ ಅರ್ಥ. ಆಮೇಲೆ ಮಳೆ ಬಂದರೂ ವಿಡಿಯೊ ಆಗುತ್ತದೆ. ಉಳಿದ ಕೈ, ಕಾಲು, ಬತ್ತಿ, ಬಾಗಿಲು, ನಾಯಿ ಎಲ್ಲ ಮೇಲಿನ ಒಗ್ಗರಣೆ.

ಮಕ್ಕಳಿಗೆ ತುಂಬ ಖುಷಿ ಕೊಟ್ಟ ಒಂದು ಆಟ ಹೇಳುತ್ತೇನೆ. ಒಂದು ಆವರ್ತಕ್ಕೆ ಮಾತ್ರ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ, ಅದೇ ವೇಗಕ್ಕೆ ಹಾಡಿಸಿ, ಫೋನನ್ನು 60 ಫ್ರೇಮಿಗೆ ಇಟ್ಟು ತೆಗೆಯಿರಿ. ಎಡಿಟಿಂಗಿನಲ್ಲಿ ಅರ್ಧ ವೇಗಕ್ಕೆ ಇಳಿಸಿದರೆ ತುಟಿ ಹಾಡಿಗೆ ಸರಿಯಾಗಿ ಕೂಡುತ್ತದೆ, ಆದರೆ ಕೂದಲು, ಲಂಗ, ಜ್ವಾಲೆ ಎಲ್ಲ ನಿಧಾನವಾಗಿ ತೇಲುತ್ತದೆ. ಶೂಟಿಂಗಿನ ಹೊತ್ತಿಗೆ ಇಲಿಮರಿಗಳ ಭಜನೆ ತರ ಇತ್ತು. ನಗು ತಡೆಯಲಾರದೆ ಏಳು ಟೇಕ್ ಹೋಯಿತು.

ಇಪ್ಪತ್ತು ನಿಮಿಷದ ಬೆಳಕು

ರಾತ್ರಿ ನಡೆಯುವ ಪದವನ್ನು ರಾತ್ರಿಯೇ ತೆಗೆಯಬೇಕು ಅಂತ ಮಕ್ಕಳ ವಾದ. ಒಂದು ದಿನ ಅವರು ಹೇಳಿದ ಹಾಗೇ ಎಂಟು ಗಂಟೆಗೆ ತೆಗೆಸಿದೆ. ಪರದೆ ಪೂರ್ತಿ ಕಪ್ಪು, ನಡುವೆ ಬೆಳ್ಳಗಿನ ಒಂದು ಬೊಟ್ಟು, ಸುತ್ತ ರವೆ ಚೆಲ್ಲಿದ ಹಾಗೆ ಕಾಳು ಕಾಳು. ತೋರಿಸಿದ ಮೇಲೆ ಒಪ್ಪಿದರು.

ರಾತ್ರಿಯನ್ನು ಮುಸ್ಸಂಜೆಯಲ್ಲಿ ತೆಗೆಯಬೇಕು. ಡಿಸೆಂಬರ್ ಕೊನೆಗೆ ನಮ್ಮಲ್ಲಿ ಆರು ಗಂಟೆ ದಾಟಿ ಹತ್ತು ನಿಮಿಷದ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಅಲ್ಲಿಂದ ಇಪ್ಪತ್ತು ನಿಮಿಷ ಆಕಾಶ ನೀಲಿ ಇರುತ್ತದೆ, ದೀಪ ಹಳದಿಯಾಗಿ ಕಾಣುತ್ತದೆ, ಮುಖವೂ ಕಾಣುತ್ತದೆ. ಅಡಿಕೆ ತೋಟದೊಳಗೆ ಇದು ಇನ್ನೂ ಕಡಿಮೆ. ಅಲ್ಲಿ ಐದೂವರೆಗೇ ಕತ್ತಲೆ ಕೂತಿರುತ್ತದೆ. ಹಾಗಾಗಿ ಮೊದಲ ದಿನ ತೋಟದ ಶಾಟ್, ಎರಡನೇ ದಿನ ಬದು, ಮೂರನೇ ದಿನ ಅಂಗಳ ಅಂತ ಮೂರು ಸಂಜೆಗೆ ಹಂಚಿದೆವು. ಮಧ್ಯಾಹ್ನ ಪೂರ್ತಿ ಒಣ ಅಭ್ಯಾಸ: ಯಾರು ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ನೆಲದಲ್ಲಿ ಹಾಳೆ ಚೂರಿನ ಗುರುತು. ಬೆಳಕು ಬಂದಾಗ ಮಾತಿಲ್ಲ.

ಫೋನು ತಾನಾಗಿ ಬೆಳಕು ಹೊಂದಿಸಲು ಬಿಟ್ಟರೆ, ದೀಪ ಹತ್ತಿರ ಬಂದಾಗ ಎಲ್ಲ ಕಪ್ಪಾಗುತ್ತದೆ, ದೂರ ಹೋದಾಗ ಎಲ್ಲ ಬೆಳ್ಳಗಾಗುತ್ತದೆ. ಫೋನಿನ ಪರದೆಯಲ್ಲಿ ದೀಪದ ಪಕ್ಕದ ಕೆನ್ನೆಯ ಮೇಲೆ ಬೆರಳು ಒತ್ತಿ ಹಿಡಿದರೆ ಲಾಕ್ ಆಗುತ್ತದೆ, ಆಮೇಲೆ ಸ್ವಲ್ಪ ಕತ್ತಲೆ ಕಡೆಗೆ ಎಳೆಯಿರಿ. ಬಣ್ಣದ ಹದ ಹೊಂದಿಸುವ ವೈಟ್ ಬ್ಯಾಲೆನ್ಸಿಗೂ ಲಾಕ್ ಹಾಕಿ. ನಿಜವಾದ ದೀಪದ ಬೆಳಕು ಮುಖಕ್ಕೆ ಸಾಲುವುದಿಲ್ಲ. ಬತ್ತಿ ಎರಡು ಸೇರಿಸಿ ಹೊಸೆದೆವು, ಜೊತೆಗೆ ದೀಪ ಹಿಡಿದವನ ಅಂಗೈಯ ಹಿಂದೆ ಹಳದಿ ಬೆಳಕಿನ ಚಿಕ್ಕ ಎಲ್‌ಇಡಿ ಟಾರ್ಚ್, ಮೇಲೆ ಚಾಕೊಲೇಟಿನ ಹಳದಿ ಜಿಲೇಟಿನ್ ಕಾಗದ ಸುತ್ತಿ ಅಡಗಿಸಿದೆವು. ಮೋಸ ಅಂತ ಒಬ್ಬಳು ಮುಖ ಗಂಟಿಕ್ಕಿದಳು. ಮದುವೆ ಮಂಟಪದಲ್ಲಿ ನಾನು ಮಾಡುವ ಮೋಸ ನೋಡಿದರೆ ಏನನ್ನುತ್ತಿದ್ದಳೋ.

ಎಣ್ಣೆ, ಬೆಂಕಿ, ಲಂಗದಾವಣಿ ಒಟ್ಟಿಗೆ ಇರುವಾಗ ಬಕೆಟ್ ನೀರು, ಒದ್ದೆ ಗೋಣಿಚೀಲ ಪಕ್ಕದಲ್ಲಿ ಇರಬೇಕು. ಒಬ್ಬ ದೊಡ್ಡವರ ಕೆಲಸ ಅದೊಂದೇ.

ಮೂರನೇ ಸಂಜೆ ಕೊನೆಯ ಶಾಟ್: ಅಜ್ಜ ದೀಪವನ್ನು ಹುಡುಗಿಯ ಕೈಗೆ ಕೊಡುವುದು. ಎರಡು ಟೇಕ್ ಸರಿಬರಲಿಲ್ಲ, ಬೆಳಕು ಇಳಿಯುತ್ತಿತ್ತು. ಮೂರನೆಯದರಲ್ಲಿ ಅವಳು ಕೈ ಚಾಚಿದಾಗ ಗಾಳಿ ಬಂದು ಜ್ವಾಲೆ ಮಲಗಿತು, ಆರಿಯೇ ಹೋಯಿತು ಅನ್ನುವಷ್ಟು ನೀಲಿಯಾಯಿತು. ಯಾರೂ ಹೇಳಿಕೊಡದೆ ಅಜ್ಜ ಇನ್ನೊಂದು ಕೈಯನ್ನು ದೀಪಕ್ಕೆ ಮರೆಮಾಡಿದರು, ಅವಳೂ ತನ್ನದನ್ನು ತಂದಳು. ನಾಲ್ಕು ಕೈ ನಡುವೆ ಜ್ವಾಲೆ ಮತ್ತೆ ಎದ್ದಿತು. ಕ್ಯಾಮೆರಾ ಹಿಡಿದ ಹುಡುಗ "ಕಟ್" ಅನ್ನಲು ಬಾಯಿ ತೆರೆದಿದ್ದ. ನಾನು ಅವನ ಭುಜ ಒತ್ತಿದೆ. ಮಕ್ಕಳಿಗೆ ಇದೊಂದು ಅಭ್ಯಾಸ ಮಾಡಿಸಿ: ತಪ್ಪಾಯಿತು ಅನಿಸಿದ ಮೇಲೂ ಎಂಟು ಪೆಟ್ಟು ಎಣಿಸಿ ಆಮೇಲೆ ನಿಲ್ಲಿಸುವುದು.

ಮನೆಗೆ ಹೋಗುವ ಮೊದಲು ಎಲ್ಲ ಫೈಲು ಲ್ಯಾಪ್‌ಟಾಪಿಗೆ ಒಂದು, ಪೆನ್‌ಡ್ರೈವಿಗೆ ಒಂದು. ಎರಡೂ ಕಡೆ ತೆರೆದು ನೋಡಿದ ಮೇಲೇ ಫೋನಿನಿಂದ ಅಳಿಸುವುದು.

ಎಡಿಟಿಂಗ್: ಪ ಬ ಮ

ಲ್ಯಾಪ್‌ಟಾಪ್ ಗಟ್ಟಿಯಿದ್ದರೆ ಡಾವಿಂಚಿ ರಿಸಾಲ್ವ್ ಉಚಿತ ಆವೃತ್ತಿ ಬಳಸಿ. ಶಾಲೆಯದು 4 ಜಿಬಿ ರ್‍ಯಾಮಿನ ಮುದುಕ, ಅದಕ್ಕೆ ಕೆಡೆನ್‌ಲೈವ್ ಹಾಕಿದೆವು. ಅದೂ ಉಚಿತ. ಪ್ರಾಕ್ಸಿ ಆನ್ ಮಾಡಿದರೆ ದೊಡ್ಡ ಫೈಲಿನ ಬದಲು ಚಿಕ್ಕ ನಕಲು ಇಟ್ಟುಕೊಂಡು ಓಡುತ್ತದೆ.

ಮೊದಲು "ಹಾಡು ಅಂತಿಮ" ಕೆಳಗಿನ ಟ್ರ್ಯಾಕಿಗೆ ಹಾಕಿ ಬೀಗ ಹಾಕಿ. 30 ಫ್ರೇಮಿಗೆ 90 ಪೆಟ್ಟು ಅಂದರೆ ಒಂದು ಪೆಟ್ಟಿಗೆ ಸರಿಯಾಗಿ 20 ಫ್ರೇಮ್, ಆವರ್ತಕ್ಕೆ 160. ಆವರ್ತ ಶುರುವಾಗುವಲ್ಲೆಲ್ಲ ಒಂದು ಗೈಡ್ ಗುರುತು. ನೋಟ್‌ಬುಕ್ಕಿನ ಮೂವತ್ತು ಗೆರೆ ಈಗ ಪರದೆಯ ಮೇಲೆ ಬಂದು ನಿಂತವು.

ಆಮೇಲೆ ಆ ಮೂರು ಪೂರ್ತಿ ಟೇಕ್‌ಗಳನ್ನು ಒಂದರ ಮೇಲೊಂದು ಇಟ್ಟು ಹಾಡಿಗೆ ಹೊಂದಿಸಿ. ಹಾಡನ್ನು ಆಡಿಯೊ ರೆಫರೆನ್ಸ್ ಅಂತ ಗುರುತಿಸಿ, ಟೇಕನ್ನು ಅದಕ್ಕೆ ಅಲೈನ್ ಮಾಡು ಅಂದರೆ ಸಾಫ್ಟ್‌ವೇರೇ ಧ್ವನಿಯ ಅಲೆ ನೋಡಿ ಕೂಡಿಸುತ್ತದೆ. ಅದು ಸೋತರೆ ಮುಂದಿನ ನಾಲ್ಕು ಟಕ್‌ಗಳ ಮೊನೆ ನೋಡಿ ಕೈಯಲ್ಲಿ ಕೂಡಿಸಿ.

ಇಲ್ಲಿ ಎರಡು ಕಡೆ ನಾವು ಎಡವಿದೆವು. ಒಂದು ಫೋನಿನ ಟೇಕ್ ಶುರುವಿನಲ್ಲಿ ಸರಿ, ಕೊನೆಗೆ ಬರುವಾಗ ಮಾತು ಒಂದು ಕಡೆ ತುಟಿ ಒಂದು ಕಡೆ. ಕತ್ತಲೆಯಲ್ಲಿ ಕೆಲವು ಫೋನು 30 ಅಂತ ಹೇಳಿಕೊಂಡು ಕಡಿಮೆ ಫ್ರೇಮ್ ತೆಗೆಯುತ್ತವೆ, ಅದೂ ಒಂದೇ ಸಮ ಇರುವುದಿಲ್ಲ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಆ ಫೈಲನ್ನು ಕಾನ್‌ಸ್ಟಂಟ್ 30ಕ್ಕೆ ಪರಿವರ್ತಿಸಿ ಮತ್ತೆ ತಂದರೆ ಸರಿಹೋಗುತ್ತದೆ. ಇನ್ನೊಂದು ನನ್ನದೇ ಕ್ಯಾಮೆರಾದ್ದು. ಉದ್ದ ಲೆನ್ಸ್ ಹಾಕಿ ಗದ್ದೆಯ ಆಚೆ ಬದುವಿನಿಂದ, ಸುಮಾರು 22 ಮೀಟರ್ ದೂರದಲ್ಲಿ ನಿಂತು ತೆಗೆದದ್ದು. ಅಲೆಗೆ ಅಲೆ ಕೂಡಿದೆ, ತುಟಿ ಮಾತ್ರ ಚೂರು ಮುಂದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದಲ್ಲ, ಅಂದರೆ 11 ಮೀಟರಿಗೆ ಒಂದು ಫ್ರೇಮ್. ಸ್ಪೀಕರ್ ಹಾಡುವವರ ಹತ್ತಿರ, ಕ್ಯಾಮೆರಾ ದೂರ, ಧ್ವನಿ ಎರಡು ಫ್ರೇಮ್ ತಡವಾಗಿ ಮುಟ್ಟಿದೆ. ಆ ಕ್ಲಿಪ್ಪನ್ನು ಎರಡು ಫ್ರೇಮ್ ಬಲಕ್ಕೆ ತಳ್ಳಿದರೆ ಮುಗಿಯಿತು. ವಿಜ್ಞಾನದ ಮೇಷ್ಟ್ರು ಇದನ್ನು ಬೋರ್ಡಿನ ಮೇಲೆ ಲೆಕ್ಕ ಹಾಕಿಸಿ ಒಂದು ಪೀರಿಯಡ್ ಕಳೆದರು.

ತುಟಿ ಕೂಡಿದೆಯೋ ಇಲ್ಲವೋ ನೋಡುವುದು ಹೇಗೆ? ಇಡೀ ಸಾಲು ದಿಟ್ಟಿಸಬೇಡಿ. ಸಾಲಿನಲ್ಲಿ ಪ, ಬ, ಮ ಎಲ್ಲಿದೆ ಹುಡುಕಿ. ಆ ಅಕ್ಷರಕ್ಕೆ ಎರಡು ತುಟಿ ಮುಟ್ಟಲೇಬೇಕು. ಅಲ್ಲಿಗೆ ಹೋಗಿ ಒಂದೊಂದೇ ಫ್ರೇಮ್ ನಡೆಸಿ. ತುಟಿ ಮುಚ್ಚಿದ ಫ್ರೇಮಿನ ಬೆನ್ನಿಗೇ ಅಲೆ ಏಳಬೇಕು. ಪವರ್ಗ ಅಂತ ವ್ಯಾಕರಣದಲ್ಲಿ ಬಾಯಿಪಾಠ ಮಾಡಿದ್ದು ಎಂತಕ್ಕೆ ಅಂತ ಮಕ್ಕಳಿಗೆ ಅವತ್ತು ಗೊತ್ತಾಯಿತು. ಕನ್ನಡ ಮೇಡಂ ಮುಖ ಅರಳಿತು.

ಇನ್ನು ಕತ್ತರಿ. ಮೊದಲ ಸುತ್ತಿನಲ್ಲಿ ಎಲ್ಲ ಮಕ್ಕಳೂ ಪ್ರತಿ ಪೆಟ್ಟಿಗೂ ಕತ್ತರಿಸುತ್ತಾರೆ. ನೋಡಿದರೆ ಯಾರೋ ರಿಮೋಟ್ ಒತ್ತುತ್ತಿರುವ ಹಾಗೆ ಇರುತ್ತದೆ. ನಾನು ಹೇಳುವುದು ಇಷ್ಟೇ: ಆವರ್ತದ ಮೊದಲ ಪೆಟ್ಟಿಗೆ ಕತ್ತರಿಸಬಹುದು, ಕತ್ತರಿಸಲೇಬೇಕಾಗಿಲ್ಲ. ಕತ್ತರಿಸುವುದಾದರೆ ಪೆಟ್ಟಿಗಿಂತ ಒಂದೋ ಎರಡೋ ಫ್ರೇಮ್ ಮೊದಲು. ಕಣ್ಣು ಹೊಸ ಚಿತ್ರಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಪೆಟ್ಟು ಬೀಳುತ್ತದೆ. ಸಾಲು ಎತ್ತುವಾಗ ಅಜ್ಜನ ಮುಖ, ಹಿಂದೆ ಹೇಳುವಾಗ ಗುಂಪು ಅಂತ ಶುರುಮಾಡಿದರು. ಎರಡು ಸಲ ಚೆಂದ, ಮೂರನೇ ಸಲ ಗೊತ್ತಾಗಿಬಿಡುತ್ತದೆ. ಅಲ್ಲಿಂದ ತಿರುಗಿಸಿದೆವು: ಅಜ್ಜ ಹಾಡುವಾಗ ಕೇಳುವ ಹುಡುಗಿಯ ಮುಖ. ನಾಲ್ಕು ಕೈಗಳ ಶಾಟನ್ನು ಒಬ್ಬ ಮೂರು ತುಂಡು ಮಾಡಿ ನಡುವೆ ಹೆಜ್ಜೆ, ಬಾಗಿಲು ಸಿಕ್ಕಿಸಿದ್ದ. ಎಲ್ಲ ಕಿತ್ತು ಎರಡು ಆವರ್ತ, 320 ಫ್ರೇಮು ಒಂದೇ ಶಾಟ್ ಬಿಡಲು ಹೇಳಿದೆ. ಆ ಜಾಗದಲ್ಲಿ ಕತ್ತರಿ ಮುಟ್ಟುವ ಕೈ ನಡುಗಬೇಕು.

ಒಮ್ಮೆ ಧ್ವನಿ ಮುಚ್ಚಿ ನೋಡಿಸಿ, ದೀಪ ಎಡಗೈಯಿಂದ ಬಲಗೈಗೆ ಹಾರಿದ್ದು ಆಗ ಸಿಗುತ್ತದೆ. ನಮ್ಮಲ್ಲಿ ಎರಡು ಕಡೆ ಹಾರಿತ್ತು.

ಬಣ್ಣಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಮೂರು ಫೋನಿನ ನೀಲಿ ಒಂದೇ ತರ ಕಾಣುವಷ್ಟು ಹೊಂದಿಸಿದೆವು, ಅಷ್ಟೇ. ಹೆಸರು ಬರೆಯುವುದರಲ್ಲಿ ಮಾತ್ರ ಅರ್ಧ ದಿನ ಹೋಯಿತು. ನುಡಿ ತಂತ್ರಾಂಶದಲ್ಲಿ ಹಳೆಯ ಫಾಂಟಿಗೆ ಟೈಪ್ ಮಾಡಿದ್ದನ್ನು ಎಡಿಟಿಂಗಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರದ ಚಿತ್ರಾನ್ನ ಬಂತು. ಯೂನಿಕೋಡಿನಲ್ಲೇ ಟೈಪ್ ಮಾಡಿ, ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಹಾಕಿ. ಕೆಲವು ಮೊಬೈಲ್ ಆ್ಯಪುಗಳಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಂದು ಕೂರುತ್ತದೆ, ಆಗ ಹೆಸರನ್ನು ಲಿಬ್ರೆ ಆಫೀಸಿನಲ್ಲೋ ಇಂಕ್‌ಸ್ಕೇಪಿನಲ್ಲೋ ಬರೆದು ಚಿತ್ರ ಮಾಡಿ ತನ್ನಿ. ಅಜ್ಜನ ಹೆಸರು ಹೇಗೆ ಬರೆಯಬೇಕು ಅಂತ ಅಜ್ಜನನ್ನೇ ಕೇಳಿ ಬಂದೆವು.

ಕೊನೆಗೆ ಎಕ್ಸ್‌ಪೋರ್ಟ್: ಎಚ್.264 ಎಂಬ ವಿಡಿಯೊ ಮಾದರಿ, 1080, 30 ಫ್ರೇಮ್, ಸೆಕೆಂಡಿಗೆ 12 ಮೆಗಾಬಿಟ್. 160 ಸೆಕೆಂಡಿಗೆ ಸುಮಾರು 240 ಎಂಬಿ ಆಗುತ್ತದೆ. ವಾಟ್ಸ್‌ಆ್ಯಪಿನಲ್ಲಿ ವಿಡಿಯೊ ಅಂತ ಕಳಿಸಿದರೆ ಹಿಂಡಿ ಹಿಪ್ಪೆ ಮಾಡುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ.

ಮೊದಲ ಪ್ರದರ್ಶನ ಅಜ್ಜನ ಅಂಗಳದಲ್ಲಿ, ಬಿಳಿ ಪಂಚೆ ಕಟ್ಟಿ, ಶಾಲೆಯ ಪ್ರೊಜೆಕ್ಟರಿನಲ್ಲಿ. ಪ್ರೊಜೆಕ್ಟರಿನಲ್ಲಿ ಕತ್ತಲೆ ಇನ್ನೂ ಕತ್ತಲೆಯಾಗುತ್ತದೆ, ಅದಕ್ಕೇ ಅಂತ ಸ್ವಲ್ಪ ಬೆಳಕು ಏರಿಸಿದ ಪ್ರತಿ ಮಾಡಿಟ್ಟಿದ್ದೆವು. ಎರಡು ಸಲ ಹಾಕಿಸಿಕೊಂಡು ನೋಡಿದ ಅಜ್ಜ, ಚೆಂದ ಆಗಿದೆ ಅಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಮೂರನೇ ಸಾಲಲ್ಲಿ ನಾ ಉಸಿರು ಎಳ್ಕಂಡಿದ್ನಲ, ಅದೆಲ್ಲಿ ಹೋತು?" ಅಂದರು.

ಹಾಡು ಸ್ವಚ್ಛ ಮಾಡುವಾಗ ಒಬ್ಬ ಹುಡುಗ ಉಸಿರಿನ ಸದ್ದು ಗಲೀಜು ಅಂತ ಅಳಿಸಿದ್ದ. ಪಂಚೆಯ ಮೇಲೆ ಅಜ್ಜನ ಎದೆ ಏಳುತ್ತದೆ, ಬಾಯಿ ತೆರೆಯುತ್ತದೆ, ಸದ್ದಿಲ್ಲ. ನಾವು ಹದಿಮೂರು ಜನ ಹತ್ತು ದಿನ ನೋಡಿದವರು, ಒಬ್ಬರಿಗೂ ಹೊಳೆದಿರಲಿಲ್ಲ. ಪುಣ್ಯಕ್ಕೆ ಭತ್ತದ ಕೋಣೆಯ ಮೂಲ ರೆಕಾರ್ಡಿಂಗ್ ಪೆನ್‌ಡ್ರೈವಿನಲ್ಲಿ ಹಾಗೇ ಇತ್ತು. ಆ ರಾತ್ರಿಯೇ ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಅಳಿಸಿದ ಹುಡುಗನೇ ಕೂತು, ಹನ್ನೊಂದನೇ ಗೆರೆಯ ಏಳನೇ ಪೆಟ್ಟಿನಿಂದ ಉಸಿರನ್ನು ತಂದು ಅದರ ಜಾಗಕ್ಕೆ ಹಾಕಿದ. ಉದ್ದ ಒಂದು ಫ್ರೇಮೂ ಬದಲಾಗಲಿಲ್ಲ. ಎಕ್ಸ್‌ಪೋರ್ಟ್ ಮುಗಿಯುವ ತನಕ ಅಜ್ಜಿ ಎಲ್ಲರಿಗೂ ಅವಲಕ್ಕಿ ಕೊಟ್ಟರು.